ಹೆರೋದನನ್ನು ಎಲ್ಲಿ ಕೂರಿಸುವುದು?

ಆಗಮನ ಕಾಲ ಬಂತೆಂದು ಕರಾವಳಿಯವರಿಗೆ ಮೊದಲು ತಿಳಿಯುವುದು ಮೂಗಿನಿಂದ. ನವೆಂಬರ್ ಕೊನೆಯ ವಾರ ಮಂಗಳೂರಿನ ಯಾವುದಾದರೂ ಕ್ರೈಸ್ತರ ಕೇರಿಯಲ್ಲಿ ಸಂಜೆ ಹೊತ್ತು ಸುಮ್ಮನೆ ನಡೆದುಹೋಗಿ. ಒಂದು ಮನೆಯಲ್ಲಿ ಎಣ್ಣೆ ಕಾದಿರುತ್ತದೆ. ಪಕ್ಕದ ಮನೆಯಲ್ಲಿ ಹೊಸ ಬಾಚಣಿಗೆಯ ಬೆನ್ನಿಗೆ ಮೈದಾ ಹಿಟ್ಟಿನ ಚಿಕ್ಕ ಉಂಡೆ ಒತ್ತಿ, ಬೆರಳಿನಿಂದ ಸುರುಳಿ ಮಾಡಿ, ಕಿಡಿಯೊ ತಿಂಡಿ ತಯಾರಾಗುತ್ತಿರುತ್ತದೆ. ಮೂರನೇ ಮನೆಯಲ್ಲಿ ಒಣದ್ರಾಕ್ಷಿ ತಿಂಗಳಿಂದ ರಮ್ಮಿನ ಭರಣಿಯಲ್ಲಿ ಮುಳುಗಿ, ಹೊರಗಿನ ಪ್ರಪಂಚದ ಹಂಗಿಲ್ಲದೆ, ಬರಲಿರುವ ದಿನಕ್ಕಾಗಿ ತೆಪ್ಪಗೆ ಕಾಯುತ್ತಿರುತ್ತದೆ. ಧರ್ಮಸಭೆ ಹೇಳಿದ ಕ್ರಮದಲ್ಲಿ ಆಗಮನ ಕಾಲವನ್ನು ಆಚರಿಸುವ ಜೀವ ಇಡೀ ಕೇರಿಗೆ ಅದೊಂದೇ.

ಉಳಿದವರಿಗೆ ಕಾಯಲು ಪುರುಸೊತ್ತಿಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಈ ಕಾಲ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುವ ಭಾನುವಾರ ಶುರುವಾಗುತ್ತದೆ. ಫಾದರ್ ನೇರಳೆ ಬಣ್ಣದ ನಿಲುವಂಗಿ ತೊಡುತ್ತಾರೆ, ಭಾನುವಾರದ ಪೂಜೆಯಲ್ಲಿ ಮಹಿಮೆಯ ಗೀತೆ ಹಾಡುವುದಿಲ್ಲ, ಪೀಠದ ಹೂವಿಗೂ ಕೈ ಹಿಡಿತ. ಯುರೋಪಿನಲ್ಲಿ ಹಿಂದೆ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬ ಕಳೆದದ್ದೇ ಉಪವಾಸ ಹಿಡಿಯುವವರಿದ್ದರು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಇಪ್ಪತ್ತೈದು ದಿನದ ನೋಂಬು ಇಂದಿಗೂ ಉಂಟು. ನಮ್ಮ ಪಾಲಿಗೆ ಉಳಿದಿರುವುದು ಈ ನಾಲ್ಕು ವಾರ ಮದುವೆ ಇಟ್ಟುಕೊಳ್ಳಬಾರದು ಎಂಬ ರೂಢಿ ಮಾತ್ರ. ಹಾಗಾಗಿ ಮದುವೆಗಳೆಲ್ಲ ನವೆಂಬರಿಗೇ ನುಗ್ಗುತ್ತವೆ, ಇಲ್ಲವೇ ಕ್ರಿಸ್ಮಸ್ಸಿನ ಮರುದಿನದಿಂದ ಹಾಲ್‌ಗಳ ಮುಂದೆ ಸಾಲುಗಟ್ಟುತ್ತವೆ. ನಡುವೆ ಹೊಟ್ಟೆಗೆ ಬಿಡುವು ಸಿಕ್ಕೀತೆಂದರೆ ಅಲ್ಲಿ ಆಫೀಸಿನ ಪಾರ್ಟಿ, ಅಪಾರ್ಟ್‌ಮೆಂಟಿನ ಪಾರ್ಟಿ, ಶಾಲೆಯ ಪಾರ್ಟಿ ಟವೆಲು ಹಾಕಿ ಸೀಟು ಹಿಡಿದಿವೆ. 25ನೇ ತಾರೀಕು ಬರುವಷ್ಟರಲ್ಲಿ ಕೇಕು ಕಂಡರೆ ತೇಗು. ಧರ್ಮಸಭೆಯ ಲೆಕ್ಕದಲ್ಲಿ ಕ್ರಿಸ್ಮಸ್ ಕಾಲ ಅಂದು ಶುರುವಾಗಿ ಜನವರಿಯಲ್ಲಿ ಯೇಸುವಿನ ಸ್ನಾನದೀಕ್ಷೆಯ ಹಬ್ಬದ ತನಕ ನಡೆಯುತ್ತದೆ. ಅಂಗಡಿಯ ಲೆಕ್ಕದಲ್ಲಿ 26ರ ಬೆಳಿಗ್ಗೆ ಅದು ಹಳೇ ಸ್ಟಾಕು, ಅರ್ಧ ಬೆಲೆ.

ಇದರ ನಡುವೆ ಇಗರ್ಜಿಯ ಒಳಗೆ ಏನು ಓದುತ್ತಾರೆ ಎಂದು ಕಿವಿಗೊಟ್ಟವರಿಗೆ ಒಂದು ವಿಚಿತ್ರ ಕಾಣುತ್ತದೆ. ಮೊದಲ ಭಾನುವಾರ ಲೋಕಾಂತ್ಯದ ಮಾತು. ಎರಡನೇ ಮತ್ತು ಮೂರನೇ ಭಾನುವಾರ ಸ್ನಾನಿಕ ಯೊವಾನ್ನ: ಒಂಟೆ ಕೂದಲಿನ ಬಟ್ಟೆ ಉಟ್ಟು, ಮಿಡತೆ ತಿಂದು, ನದಿ ದಂಡೆಯಲ್ಲಿ ನಿಂತು ಕೂಗಾಡುವ ಮನುಷ್ಯ. ತನ್ನ ಬಳಿ ಬಂದವರನ್ನು ಹಾವಿನ ಸಂತಾನವೆಂದು ಕರೆಯುತ್ತಾನೆ, ಮರದ ಬುಡಕ್ಕೆ ಕೊಡಲಿ ಇಟ್ಟಾಗಿದೆ ಎನ್ನುತ್ತಾನೆ. ಮೂರು ಭಾನುವಾರ ಕಳೆದರೂ ಮಗುವಿನ ಸುಳಿವಿಲ್ಲ. ಲೂಕನ ಶುಭಸಂದೇಶದಲ್ಲಿ ಜನ ಈ ಯೊವಾನ್ನನನ್ನು "ನಾವೇನು ಮಾಡಬೇಕು?" ಎಂದು ಕೇಳಿದಾಗ ಅವನು ನಕ್ಷತ್ರ ಕಟ್ಟಲು ಹೇಳಲಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಸುಂಕದವರು ನಿಗದಿಗಿಂತ ಹೆಚ್ಚು ವಸೂಲಿ ಮಾಡದಿರಲಿ, ಸಿಪಾಯಿಗಳು ಜನರನ್ನು ಹೆದರಿಸಿ ಕಿತ್ತುಕೊಳ್ಳದೆ ಸಂಬಳದಲ್ಲಿ ತೃಪ್ತರಾಗಿರಲಿ ಎಂದ. ಪರ್ಸೆಂಟೇಜ್ ಎಂಬ ಶಬ್ದಕ್ಕೆ ಕಮಿಷನ್ ಬಿಟ್ಟು ಬೇರೆ ಅರ್ಥವೇ ಇಲ್ಲದ ನಮ್ಮ ರಾಜ್ಯದಲ್ಲಿ ಇಂಥ ಮನುಷ್ಯನನ್ನು ಯಾವ ಕ್ರಿಸ್ಮಸ್ ಸೌಹಾರ್ದ ಕೂಟದ ವೇದಿಕೆಗೆ ಕರೆಯಲಾದೀತು? ಮುಖ್ಯ ಅತಿಥಿಗಳು ಮೊದಲ ಸಾಲಿನಲ್ಲೇ ಕೂತಿರುತ್ತಾರೆ. ಆದ್ದರಿಂದ ಅವನ ಬದಲಿಗೆ ಕೆಂಪು ಕೋಟಿನ ಸಾಂತಾ ಕ್ಲಾಸ್ ಬರುತ್ತಾನೆ. ಅವನೂ ಗಡ್ಡದವನೇ. ಆದರೆ ಬಯ್ಯುವುದಿಲ್ಲ, ಚಾಕಲೇಟು ಕೊಡುತ್ತಾನೆ.

ಆಗಮನ ಕಾಲದ ನಾಲ್ಕು ಮೇಣದ ಬತ್ತಿಗಳ ಹಸಿರು ವೃತ್ತದ ಕತೆಯೂ ಇದೇ ಜಾಡಿನದು. 1839ರಲ್ಲಿ ಜರ್ಮನಿಯ ಹಾಂಬುರ್ಗಿನಲ್ಲಿ ಬಡ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಯೋಹಾನ್ ಹಿನ್ರಿಶ್ ವಿಶೆರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿಗೆ ಮಕ್ಕಳ ಕಾಟ: ಕ್ರಿಸ್ಮಸ್ ಯಾವಾಗ, ಯಾವಾಗ ಎಂದು ದಿನಾ ಪ್ರಶ್ನೆ. ಅವನು ಗಾಡಿಯ ಚಕ್ರವೊಂದನ್ನು ತಂದು ಅದರ ಮೇಲೆ ದಿನಕ್ಕೊಂದರಂತೆ ಸಣ್ಣ ಬತ್ತಿ, ಭಾನುವಾರಕ್ಕೊಂದರಂತೆ ದೊಡ್ಡ ಬತ್ತಿ ಇಟ್ಟ. ಕಾಯುವುದನ್ನು ಬಡ ಮಕ್ಕಳಿಗೆ ಕಲಿಸಿದ ಆ ಚಕ್ರ ಈಗ ಪ್ಲಾಸ್ಟಿಕ್ ಎಲೆ, ಬ್ಯಾಟರಿ ಬತ್ತಿಗಳ ಸಮೇತ ಆನ್‌ಲೈನಿನಲ್ಲಿ ಸಿಗುತ್ತದೆ. ಮರುದಿನವೇ ಡೆಲಿವರಿ.

ಇರಲಿ, ಆಗಮನ ಕಾಲದ ನಿಜವಾದ ಸಂಭ್ರಮ ಗೋದಲಿಯದು. ನೋಟೀಸ್ ಬೋರ್ಡಿನಲ್ಲಿ ಗೋದಲಿ ಸ್ಪರ್ಧೆಯ ಚೀಟಿ ಬಿದ್ದದ್ದೇ ತಡ, ವಾರ್ಡ್ ವಾರ್ಡಿನಲ್ಲೂ ಗುಪ್ತಚರ ಚಟುವಟಿಕೆ ಶುರು. ಸಿಮೆಂಟು ಚೀಲದ ಕಾಗದ ಮುದುಡಿ, ಕಂದು ಬಣ್ಣ ಬಳಿದರೆ ಬೆಟ್ಟ. ಒಡೆದ ಕನ್ನಡಿಯ ಚೂರು ಕೆರೆ, ಅದರ ಮೇಲೆ ಕೊಟ್ಟಿಗೆಗಿಂತ ದೊಡ್ಡದೊಂದು ಪ್ಲಾಸ್ಟಿಕ್ ಬಾತುಕೋಳಿ. ತಟ್ಟೆಯಲ್ಲಿ ಮಣ್ಣು ಹರಡಿ ಎರಡು ವಾರ ಮುಂಚೆ ರಾಗಿ ಬಿತ್ತಿದರೆ ಹಬ್ಬದ ಹೊತ್ತಿಗೆ ಬೆರಳುದ್ದದ ಹಸಿರು ಪೈರು. ಇಡೀ ಗೋದಲಿಯಲ್ಲಿ ಜೀವ ಇರುವ ವಸ್ತು ಅದೊಂದೇ. ಅದರ ಮೇಲೆ ಹತ್ತಿ ಉದುರಿಸಿ ಹಿಮ ಬೀಳಿಸುತ್ತೇವೆ! ರಾಗಿಯ ಮೇಲೆ ಹಿಮ ಬೀಳುವ ಭೂಗೋಳ ನಮ್ಮಲ್ಲಿ ಮಾತ್ರ ಸಾಧ್ಯ. ಆಮೇಲೆ ಮೋಟಾರಿನಲ್ಲಿ ತಿರುಗುವ ಗಾಳಿಯಂತ್ರ, ಪಂಪಿನಿಂದ ಹರಿಯುವ ಜಲಪಾತ, ಸುರಂಗದಿಂದ ಹೊರಬರುವ ರೈಲು, ಕಳೆದ ವರ್ಷ ಬಹುಮಾನ ಗೆದ್ದವರನ್ನು ಮೀರಿಸಲು ಒಂದು ಹೆಲಿಪ್ಯಾಡು. ಅಂದು ಬೆತ್ಲೆಹೇಮಿನ ಛತ್ರದಲ್ಲಿ ಮರಿಯ, ಜೋಸೆಫರ ಕುಟುಂಬಕ್ಕೆ ಜಾಗ ಇರಲಿಲ್ಲವಂತೆ. ಇಂದು ಗೋದಲಿಯಲ್ಲೇ ಇಲ್ಲ. ಕೊನೆಗೆ ಬಾಲಯೇಸುವನ್ನು ರೈಲ್ವೆ ಹಳಿಗೂ ಜಲಪಾತಕ್ಕೂ ನಡುವೆ ಹೇಗೋ ಮಾಡಿ ತೂರಿಸುತ್ತಾರೆ.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಮಾಡಿಸಿದ ಗೋದಲಿಯಲ್ಲಿ ಇದ್ದದ್ದು ಒಂದು ಮೇವಿನ ತೊಟ್ಟಿ, ಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆ. ನಮ್ಮ ಸ್ಪರ್ಧೆಗೆ ಬಂದಿದ್ದರೆ ಸಂತರಿಗೆ ಸಮಾಧಾನಕರ ಬಹುಮಾನವೂ ಸಿಗುತ್ತಿರಲಿಲ್ಲ.

ಈಗ ಹೀಗೊಂದು ಸಭೆ ಊಹಿಸಿಕೊಳ್ಳಿ. ಯಾವ ಊರಿನ ಇಗರ್ಜಿ ಎಂದು ಕೇಳಬೇಡಿ, ನಿಮ್ಮದೇ ಅಂದುಕೊಂಡರೂ ನಷ್ಟವಿಲ್ಲ. ಸ್ಪರ್ಧೆಯ ನಿಯಮ ಬರೆಯಲು ಕೂತಿರುವವರು ವಾರ್ಡಿನ ಗುರಿಕಾರರು, ಯುವ ಸಂಘಟನೆಯ ಕಾರ್ಯದರ್ಶಿ, ಖಜಾಂಚಿ ಬಾಯಮ್ಮ, ಮೂಲೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಈ ಸಲ ಶುಭಸಂದೇಶದಲ್ಲಿ ಇರುವುದನ್ನು ಮಾತ್ರ ಇಡಬೇಕು ಅಂತ ನಿಯಮ ಮಾಡುವ" ಎನ್ನುತ್ತಾರೆ.

"ಅದೇ ಅಲ್ವಾ ಮೇಷ್ಟ್ರೇ ನಾವು ಇಷ್ಟು ವರ್ಷ ಇಟ್ಟದ್ದು?" ಗುರಿಕಾರರಿಗೆ ಆಶ್ಚರ್ಯ.

"ಹಾಗಾದ್ರೆ ಎತ್ತು, ಕತ್ತೆ ತೆಗೀಬೇಕು."

ಸಭೆ ಸ್ತಬ್ಧ. ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳಿಲ್ಲ. ಮಾರ್ಕನ ಶುಭಸಂದೇಶದಲ್ಲಿ ಜನನದ ಕತೆಯೇ ಇಲ್ಲ. ಶುಭಸಂದೇಶ ಬರೆದ ಯೊವಾನ್ನ (ಸ್ನಾನಿಕನಲ್ಲ) ತತ್ತ್ವದಿಂದ ಶುರು ಮಾಡುತ್ತಾನೆ. ಉಳಿದ ಇಬ್ಬರಾದ ಮತ್ತಾಯ, ಲೂಕರಲ್ಲಿ ಲೂಕ ಮೇವಿನ ತೊಟ್ಟಿಯ ಮಾತೆತ್ತುತ್ತಾನೆ, ಅದರಲ್ಲಿ ಮೇಯುವವರ ಮಾತು ಎತ್ತುವುದಿಲ್ಲ. ಮರಿಯ ಕತ್ತೆಯ ಮೇಲೆ ಕೂತು ಬಂದಳೆಂದೂ ಅವನು ಬರೆದಿಲ್ಲ. ಎತ್ತು, ಕತ್ತೆ ಬಂದದ್ದು ಪ್ರವಾದಿ ಯೆಶಾಯನ ಬೈಗುಳದಿಂದ. ಎತ್ತಿಗೆ ತನ್ನ ಯಜಮಾನ ಯಾರೆಂದು ಗೊತ್ತು, ಕತ್ತೆಗೆ ತನ್ನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಏನೂ ಗೊತ್ತಿಲ್ಲ ಎಂದು ಅವನು ದೇವರ ಬಾಯಲ್ಲಿ ಆಡಿಸಿದ ಮಾತು. ನಮ್ಮ ಮುಖಕ್ಕೆ ಉಗಿಯಲು ಬಂದ ಪ್ರಾಣಿಗಳನ್ನು ನಾವು ಮುದ್ದಾಗಿ ಬಣ್ಣ ಹಚ್ಚಿ ಕೂರಿಸಿಕೊಂಡಿದ್ದೇವೆ. ಅವು ಇನ್ನೂ ನಮ್ಮನ್ನೇ ನೋಡುತ್ತಿವೆ. 2012ರಲ್ಲಿ ಪೋಪ್ 16ನೇ ಬೆನೆಡಿಕ್ಟರು ಯೇಸುವಿನ ಬಾಲ್ಯದ ಕುರಿತ ತಮ್ಮ ಪುಸ್ತಕದಲ್ಲಿ ಶುಭಸಂದೇಶದಲ್ಲಿ ಪ್ರಾಣಿಗಳ ಪ್ರಸ್ತಾಪ ಇಲ್ಲವೆಂದು ಬರೆದಾಗ, ಪೋಪರು ಗೋದಲಿಯಿಂದ ಕತ್ತೆಯನ್ನು ಓಡಿಸಿದರೆಂದು ಲೋಕದ ಪತ್ರಿಕೆಗಳು ಗುಲ್ಲೆಬ್ಬಿಸಿದವು. ಪ್ರಾಣಿಗಳಿಲ್ಲದ ಗೋದಲಿ ಇರಲಾರದು ಎಂದೂ ಅದೇ ಪುಸ್ತಕದಲ್ಲಿ ಅವರು ಬರೆದಿದ್ದರು. ಅಷ್ಟು ಓದುವ ವ್ಯವಧಾನ ಯಾರಿಗಿತ್ತು?

"ಮೂರು ರಾಯರನ್ನಾದರೂ ಬಿಡ್ತೀರಾ ಇಲ್ವಾ?" ಖಜಾಂಚಿ ಬಾಯಮ್ಮನ ಆತಂಕಕ್ಕೆ ಕಾರಣವಿದೆ. ಆ ಮೂರು ಗೊಂಬೆಗಳಿಗೆ ಅವರು ಸ್ವಂತ ಖರ್ಚಿನಲ್ಲಿ ಜರಿಯ ಬಟ್ಟೆ ಹೊಲಿಸಿದ್ದಾರೆ.

ಮತ್ತಾಯ ಅವರನ್ನು ರಾಜರೆಂದಿಲ್ಲ, ಮೂಡಣ ದೇಶದ ಜೋಯಿಸರೆಂದ. ಮೂವರೆಂದೂ ಹೇಳಿಲ್ಲ. ಕಾಣಿಕೆ ಮೂರಿತ್ತು, ತಲೆಗೊಂದರಂತೆ ನಾವೇ ಭಾಗಿಸಿಕೊಂಡೆವು. ಸಿರಿಯಾದ ಕಡೆಯ ಸಂಪ್ರದಾಯದಲ್ಲಿ ಅವರು ಹನ್ನೆರಡು ಮಂದಿ. ಅವರು ಬಂದದ್ದು ಮನೆಗೆ ಎಂದು ಮತ್ತಾಯ ಸ್ಪಷ್ಟವಾಗಿ ಬರೆದಿದ್ದಾನೆ. ಅಷ್ಟು ಹೊತ್ತಿಗೆ ಮಗು ತೊಟ್ಟಿಲು ಬಿಟ್ಟು ಅಂಬೆಗಾಲಿಡುತ್ತಿದ್ದರೂ ಆಶ್ಚರ್ಯವಿಲ್ಲ. ಹಾಗೆಯೇ ಕುರುಬರು ಲೂಕನ ಆಸ್ತಿ. ರಾತ್ರಿ ಪಾಳಿಯ ಕೆಲಸದವರು. ಜೋಯಿಸರಿಗೂ ಇವರಿಗೂ ಮುಖಪರಿಚಯವೇ ಇಲ್ಲ. ಇಬ್ಬರನ್ನೂ ಒಂದೇ ಸೂರಿನಡಿ ನಿಲ್ಲಿಸಿ ಗ್ರೂಪ್ ಫೋಟೋ ತೆಗೆದವರು ನಾವು.

ಜೋಯಿಸರ ಕಾಣಿಕೆಗಳಲ್ಲೊಂದಾದ ಚಿನ್ನದ ವಿಷಯ ಇನ್ನೂ ಗಮ್ಮತ್ತಿನದು. ಹೆರಿಗೆಯ ಮೈಲಿಗೆ ಕಳೆಯಲು ಮರಿಯ ಮತ್ತು ಜೋಸೆಫ್ ಜೆರುಸಲೇಮಿನ ದೇವಾಲಯಕ್ಕೆ ಹೋದರಂತೆ. ನಿಯಮದ ಪ್ರಕಾರ ಒಂದು ಕುರಿಮರಿ ಕೊಡಬೇಕು. ಅದಕ್ಕೆ ಗತಿಯಿಲ್ಲದವರು ಹಕ್ಕಿ ಜೋಡಿ ಕೊಡಬಹುದು. ಇವರು ಹಕ್ಕಿಯ ರಿಯಾಯಿತಿ ಪಡೆದರೆಂದು ಲೂಕ ದಾಖಲಿಸುತ್ತಾನೆ. ಬಿಪಿಎಲ್ ಕಾರ್ಡಿನವರು ಅಂತಲೇ ಲೆಕ್ಕ. ಅತ್ತ ಮತ್ತಾಯನ ಪುಟದಲ್ಲಿ ಅದೇ ಮನೆಗೆ ಚಿನ್ನ ಬರುತ್ತದೆ. ಇಬ್ಬರ ಕಡತವನ್ನೂ ಒಟ್ಟಿಗೆ ಇಟ್ಟು ನೋಡುವ ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಅಂದು ಇದ್ದಿದ್ದರೆ ಪವಿತ್ರ ಕುಟುಂಬದ ಕಾರ್ಡು ರದ್ದಾಗುತ್ತಿತ್ತು. ನಾವು ಮಾತ್ರ ಚಿನ್ನವನ್ನು ಗೋದಲಿಯಲ್ಲಿ ಇಟ್ಟೆವು, ಹಕ್ಕಿಗಳನ್ನು ಮರೆತೆವು.

ಇನ್ನು ಸಂಡೇ ಸ್ಕೂಲಿನ ನಾಟಕದಲ್ಲಿ ಪ್ರತಿ ವರ್ಷ ಬೈಗುಳ ತಿನ್ನುವ ಪಾತ್ರವೊಂದಿದೆ: ಛತ್ರದ ಯಜಮಾನ. ಲುಂಗಿ ಉಟ್ಟು, ಬೀಗದ ಕೈ ಗೊಂಚಲು ಹಿಡಿದು, "ಹೋಗಿ, ಹೋಗಿ, ಜಾಗ ಇಲ್ಲ" ಎಂದು ಬಾಗಿಲು ಹಾಕುವ ದಪ್ಪ ಹುಡುಗ. ಲೂಕನ ಬರಹದಲ್ಲಿ ಅಂಥ ಯಜಮಾನನೇ ಇಲ್ಲ. ಜಾಗವಿರಲಿಲ್ಲ ಎಂಬ ಒಂದು ಸಾಲು, ಮುಗಿಯಿತು. ಇಲ್ಲದ ಆ ಬಡಪಾಯಿಗೆ ಶತಮಾನಗಳಿಂದ ಶಾಪ ಹಾಕುತ್ತಿರುವ ನಾವು, ಕತೆಯಲ್ಲಿ ಇದ್ದೇ ಇರುವ, ಹೆಸರು, ವಿಳಾಸ, ಸೈನ್ಯ ಸಮೇತ ಇರುವ ರಾಜ ಹೆರೋದನಿಗೆ ರಜೆ ಕೊಟ್ಟು ಕಳುಹಿಸಿದ್ದೇವೆ. ಬಾಡಿಗೆ ಮನೆ ಕೇಳಿ ಬಂದವರ ಹೆಸರು ಕೇಳಿ, ಅಡ್ಡಹೆಸರು ಕೇಳಿ, ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂದು ಕೇಳಿ, "ನಿನ್ನೆಯೇ ಕೊಟ್ಟಾಯ್ತು" ಎನ್ನುವವರು ಆ ನಾಟಕಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ.

ಮೇಷ್ಟ್ರ ಪಟ್ಟಿಯಲ್ಲಿ ತೆಗೆಯುವುದು ಅಷ್ಟು. ಸೇರಿಸುವುದು ಬಂದಾಗ ಸಭೆಗೆ ನಿಜವಾದ ಇಕ್ಕಟ್ಟು ಶುರುವಾಯಿತು.

ಮೊದಲಿಗೆ ಗುಮಾಸ್ತ. ಲೂಕನ ಕತೆಯನ್ನು ಓಡಿಸುವುದು ಒಂದು ಸರ್ಕಾರಿ ಆದೇಶ. ಚಕ್ರವರ್ತಿ ಅಗಸ್ಟಸನಿಗೆ ಜನರ ಲೆಕ್ಕ ಬೇಕಿತ್ತು, ಅಂದರೆ ತೆರಿಗೆಯ ಲೆಕ್ಕ. ಎಲ್ಲರೂ ತಮ್ಮ ತಮ್ಮ ಮೂಲದ ಊರಿಗೆ ಹೋಗಿ ಹೆಸರು ಬರೆಸಬೇಕು. ಜೋಸೆಫನ ಮೂಲಪುರುಷ ದಾವೀದ ಹುಟ್ಟಿದ್ದು ಬೆತ್ಲೆಹೇಮಿನಲ್ಲಿ, ಸುಮಾರು ಸಾವಿರ ವರ್ಷ ಹಿಂದೆ. ಜೋಸೆಫನ ವಾಸ ಈಗ ನಜರೇತಿನಲ್ಲಿ. ತುಂಬು ಗರ್ಭಿಣಿಯನ್ನು ಕರೆದುಕೊಂಡು ಹೊರಟ. ರೋಮಿನವರು ಹಾಗೆ ಪೂರ್ವಜರ ಊರಿಗೆ ಓಡಿಸುವ ಗಣತಿ ಮಾಡಿದ್ದಕ್ಕೆ ಆಧಾರವಿಲ್ಲ ಎಂದು ಇತಿಹಾಸಕಾರರು ತಲೆಯಾಡಿಸುತ್ತಾರೆ. ಸಿರಿಯಾದ ರಾಜ್ಯಪಾಲ ಕ್ವಿರಿನಿಯಸ್ ಗಣತಿ ಮಾಡಿದ್ದು ಕ್ರಿ.ಶ. 6ರಲ್ಲಿ, ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ಎರಡನ್ನೂ ಒಂದೇ ಮಗುವಿನ ಹುಟ್ಟಿಗೆ ಹೊಂದಿಸುವುದು ಹೇಗೆ ಎಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಇತಿಹಾಸಕಾರರ ತಕರಾರು ಅವರಿಗಿರಲಿ. ಆಧಾರ್ ಕಾರ್ಡಿನಲ್ಲಿ ಒಂದಕ್ಷರ ತಿದ್ದಿಸಲು ಮೂರು ಆಫೀಸು ಅಲೆದ ಕನ್ನಡಿಗನಿಗೆ ಲೂಕನ ಮಾತನ್ನು ನಂಬಲು ಯಾವ ಕಷ್ಟವೂ ಇಲ್ಲ. ಸರ್ವರ್ ಡೌನ್ ಇದ್ದದ್ದರಿಂದಲೇ ಅವರು ಆ ರಾತ್ರಿ ಅಲ್ಲಿ ಉಳಿಯಬೇಕಾಯಿತು ಎಂದರೂ ನಂಬಿಯಾನು.

ಮುಂದಿನದು ವಂಶಾವಳಿ, ನನಗೆ ಬಹಳ ಪ್ರಿಯವಾದ ಭಾಗ. ಡಿಸೆಂಬರ್ 17ರ ಪೂಜೆಯಲ್ಲಿ ಇದನ್ನು ಓದುತ್ತಾರೆ. ಇವನು ಇವನ ತಂದೆ, ಅವನು ಅವನ ತಂದೆ ಎಂದು ಫಾದರ್ ಓದುತ್ತಾ ಹೋದಂತೆ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಗಡಿಯಾರ ನೋಡುತ್ತಾರೆ. ಮತ್ತಾಯ ತನ್ನ ಶುಭಸಂದೇಶವನ್ನು ತೆರೆಯುವುದೇ ಈ ಪಟ್ಟಿಯಿಂದ. ಅಬ್ರಹಾಮನಿಂದ ಯೇಸುವಿನವರೆಗೆ ಹದಿನಾಲ್ಕರಂತೆ ಮೂರು ಗುಂಪು ಎಂದು ಹೆಮ್ಮೆಯಿಂದ ಹೇಳುತ್ತಾನೆ. ಎಣಿಸಿದರೆ ಕೊನೆಯ ಗುಂಪಿನಲ್ಲಿ ಹದಿಮೂರೇ ಸಿಗುತ್ತವೆ. ನಡುವೆ ಮೂವರು ರಾಜರನ್ನು ಸದ್ದಿಲ್ಲದೆ ಕೈಬಿಟ್ಟಿದ್ದಾನೆ. ಲೂಕನದು ಬೇರೆಯೇ ಪಟ್ಟಿ, ಜೋಸೆಫನ ತಂದೆಯ ಹೆಸರಿನಿಂದಲೇ ವ್ಯತ್ಯಾಸ: ಒಬ್ಬನಲ್ಲಿ ಯಕೋಬ, ಇನ್ನೊಬ್ಬನಲ್ಲಿ ಹೇಲಿ. ನಮ್ಮ ಕುಟುಂಬದ ಜಮೀನಿನ ಪಹಣಿಯೂ ಹೀಗೇ ಇದೆ, ಅದಕ್ಕೇ ನನಗೆ ಇದರ ಮೇಲೆ ಪ್ರೀತಿ.

ಆದರೆ ಮತ್ತಾಯನ ಕಿಡಿಗೇಡಿತನ ಇರುವುದು ಹೆಂಗಸರಲ್ಲಿ. ಸಾರಾ, ರೆಬೆಕ್ಕಾ, ರಾಹೇಲರಂಥ ಗೌರವಸ್ಥ ಅಜ್ಜಿಯರನ್ನೆಲ್ಲ ಬಿಟ್ಟು ಅವನು ಹೆಸರಿಸುವುದು ಯಾರನ್ನು? ತಾಮಾರ: ವಂಚಿಸಿದ ಮಾವನನ್ನು ದಾರಿ ಬದಿಯ ವೇಶ್ಯೆಯಂತೆ ಕೂತು ಬಲೆಗೆ ಕೆಡವಿ, ಅವನಿಂದಲೇ ಅವಳಿ ಹೆತ್ತವಳು. ರಾಹಾಬ: ಜೆರಿಕೋ ಕೋಟೆಯ ಸೂಳೆ, ಪರಕುಲದವಳು. ರೂತ್: ಮೋವಾಬಿನ ವಿಧವೆ. ಮೋವಾಬಿನವರನ್ನು ಹತ್ತನೇ ತಲೆಮಾರಿನವರೆಗೂ ದೇವರ ಸಭೆಗೆ ಸೇರಿಸಬಾರದೆಂದು ಧರ್ಮಶಾಸ್ತ್ರವೇ ಹೇಳಿತ್ತು. ನಾಲ್ಕನೆಯವಳ ಹೆಸರನ್ನು ಅವನು ಹೇಳುವುದೇ ಇಲ್ಲ, ಊರಿಯನ ಹೆಂಡತಿ ಎಂದಷ್ಟೇ ಬರೆಯುತ್ತಾನೆ. ದಾವೀದ ಮಹಾರಾಜ ಯಾರ ಹೆಂಡತಿಯನ್ನು ಎತ್ತಿಕೊಂಡು, ಆ ಗಂಡನನ್ನು ಯುದ್ಧದ ನೆಪದಲ್ಲಿ ಸಾಯಿಸಿದನೋ ಆ ಲೆಕ್ಕ ಓದುಗನಿಗೆ ಮರೆಯದಿರಲಿ ಅಂತ. ದೇವರ ಮಗನಿಗೆ ಇಂಥ ಬಯೋಡೇಟಾ!

ಈ ಬಯೋಡೇಟಾವನ್ನು ನಮ್ಮ ಮದುವೆ ಮಾರುಕಟ್ಟೆಗೆ ಕಳುಹಿಸಿ ನೋಡಿ. "ಉತ್ತಮ ಮನೆತನದ" ಎಂಬ ಮೊದಲ ಸಾಲಿನಲ್ಲೇ ವಾಪಸು ಬರುತ್ತದೆ. ಗೋವೆಯಿಂದ ಪಾತ್ರೆಪಗಡ ಕಟ್ಟಿಕೊಂಡು ದಕ್ಷಿಣಕ್ಕೆ ಬಂದ ನಮ್ಮ ಹಿರಿಯರು ಜಾತಿಯ ಗಂಟನ್ನು ಮಾತ್ರ ಮರೆಯದೆ ತಲೆಯ ಮೇಲೆ ಹೊತ್ತು ತಂದರು. ಬಾಮಣ್, ಚಾರೊಡಿ, ಸುದಿರ್ ಎಂಬ ಲೆಕ್ಕ ಈಗ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮನೆತನದ ಹಳೇ ಹೆಸರು ಏನು, ಅಜ್ಜಿಯ ತವರು ಯಾವ ಇಗರ್ಜಿ ಎಂದು ನಯವಾಗಿ ಕೇಳುತ್ತಾರೆ. ಅಷ್ಟು ಸಾಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಬಂದಾಗ ಜಾತಿಪಟ್ಟಿಯಲ್ಲಿ ಬ್ರಾಹ್ಮಣ ಕ್ರಿಶ್ಚಿಯನ್, ಒಕ್ಕಲಿಗ ಕ್ರಿಶ್ಚಿಯನ್ ಎಂಬಂಥ ಜೋಡಿ ಹೆಸರು ಕಾಣಿಸಿಕೊಂಡು ದೊಡ್ಡ ರಂಪವಾಯಿತು. ಕ್ರೈಸ್ತರಲ್ಲಿ ಜಾತಿಯೇ ಇಲ್ಲ ಎಂದು ಒಂದು ಕಡೆಯವರು, ಇದೆಲ್ಲ ಮತಾಂತರದ ಸಂಚು ಎಂದು ಇನ್ನೊಂದು ಕಡೆಯವರು. ಆಯೋಗ ಆ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಕಾಣದಂತೆ ಮಾಡುವುದರಲ್ಲಿ ನಮಗೆ ಆಯೋಗಕ್ಕಿಂತ ಹೆಚ್ಚು ಅನುಭವವಿದೆ. ನಾಲ್ವರು ಅಜ್ಜಿಯರನ್ನು ಗೋದಲಿಯಿಂದ ಎಷ್ಟು ಚೆನ್ನಾಗಿ ಮಾಯ ಮಾಡಿದ್ದೇವೆ ನೋಡಿ.

ಆ ಸಾಲಿನ ಐದನೆಯವಳು ಮರಿಯ. ನೀಲಿ ಸೆರಗು, ಬಾಗಿದ ತಲೆ, ಮುಚ್ಚಿದ ಬಾಯಿ. ಲೂಕನಲ್ಲಿ ಆ ಬಾಯಿ ತೆರೆಯುತ್ತದೆ. ಬಸುರಿ ಹುಡುಗಿ ಗುಡ್ಡ ಹತ್ತಿ ನೆಂಟಳು ಎಲಿಜಬೇತಳ ಮನೆಗೆ ಹೋಗಿ ಹಾಡುವ ಹಾಡಿನಲ್ಲಿ ಗದ್ದುಗೆಯಲ್ಲಿ ಕೂತವರು ಕೆಳಗೆ ಉರುಳುತ್ತಾರೆ, ಹಸಿದವರ ಹೊಟ್ಟೆ ತುಂಬುತ್ತದೆ, ಶ್ರೀಮಂತರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಇದನ್ನು ಗಾಯನ ವೃಂದದವರು ಕೀಬೋರ್ಡಿನ ಹಿನ್ನೆಲೆಯಲ್ಲಿ ಎಷ್ಟು ಇಂಪಾಗಿ ಹಾಡುತ್ತಾರೆಂದರೆ, ದಾನಿಗಳಿಗೆ ಮೀಸಲಾದ ಮುಂದಿನ ಬೆಂಚಿನಲ್ಲಿ ಕೂತವರೂ ಕಣ್ಣು ಮುಚ್ಚಿ ತಲೆದೂಗುತ್ತಾರೆ. ತಮ್ಮ ಮೇಲೆಯೇ ಹಾಡು ಎಂಬ ಅನುಮಾನ ಅವರಿಗೆ ಬರುವುದಿಲ್ಲ.

ಎಲಿಜಬೇತಳ ಗಂಡ ಜಕರೀಯನ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ಅವನು ಯಾಜಕ. ದೇವದೂತ ಬಂದು ಮಗನಾಗುತ್ತಾನೆ ಎಂದಾಗ ನಂಬದೆ ಪುರಾವೆ ಕೇಳಿದ. ಮಗು ಹುಟ್ಟಿ ಹೆಸರಿಡುವವರೆಗೆ ಅವನ ಮಾತು ನಿಂತುಹೋಯಿತು. ಲೂಕನ ಪ್ರಕಾರ ಲೋಕದ ಮೊಟ್ಟಮೊದಲ ಆಗಮನ ಕಾಲಕ್ಕೆ ದೇವರು ಮಾಡಿಕೊಂಡ ತಯಾರಿ ಒಬ್ಬ ಗುರುವಿನ ಬಾಯಿ ಮುಚ್ಚಿಸಿದ್ದು. ಪ್ರತಿ ಭಾನುವಾರ ನಲವತ್ತು ನಿಮಿಷದ ಪ್ರಬೋಧನೆ ಕೇಳುವ ಭಕ್ತರು ಈ ಭಾಗವನ್ನು ವಿಶೇಷ ಭಕ್ತಿಯಿಂದ ಧ್ಯಾನಿಸಬಹುದು. ಅಂಕಣಕಾರರಿಗೂ ಇದು ಅನ್ವಯಿಸುತ್ತದೆ ಎಂದು ಯಾರೋ ಹೇಳುವುದು ಕೇಳಿಸುತ್ತಿದೆ, ಇನ್ನು ಸ್ವಲ್ಪದರಲ್ಲೇ ಮುಗಿಸುತ್ತೇನೆ.

ಗೋದಲಿ ಸ್ಪರ್ಧೆ ನಮ್ಮ ಊರಿಗಷ್ಟೇ ಸೀಮಿತ ಎಂದುಕೊಳ್ಳಬೇಡಿ. ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ಜಾಗವೆಂದು ನಂಬಿರುವ ಗವಿಯ ಮೇಲಿನ ದೇವಾಲಯವನ್ನು ಗ್ರೀಕ್ ಆರ್ಥಡಾಕ್ಸರು, ಅರ್ಮೇನಿಯನ್ನರು, ಕಥೋಲಿಕರು ಹಂಚಿಕೊಂಡಿದ್ದಾರೆ. ಯಾವ ಮೆಟ್ಟಿಲು ಯಾರು ಗುಡಿಸಬೇಕು, ಯಾವ ದೀಪ ಯಾರದ್ದು ಎಂಬುದಕ್ಕೆಲ್ಲ ಒಟ್ಟೋಮನ್ ಕಾಲದಿಂದ ಬಂದ ಯಥಾಸ್ಥಿತಿಯ ಕಟ್ಟಳೆ ಇದೆ. ಜನ್ಮಸ್ಥಾನದ ನೆಲದಲ್ಲಿದ್ದ ಬೆಳ್ಳಿಯ ನಕ್ಷತ್ರ 1847ರಲ್ಲಿ ಕಳವಾಯಿತು. ಆ ಜಗಳ ಬೆಳೆದು ಕ್ರಿಮಿಯನ್ ಯುದ್ಧದ ಕಾರಣಗಳ ಪಟ್ಟಿಗೆ ಸೇರಿತು. 2011ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಸ್ವಚ್ಛತೆಯ ವೇಳೆ, ಗಡಿ ದಾಟಿ ಗುಡಿಸಿದರೆಂದು ಗ್ರೀಕ್ ಮತ್ತು ಅರ್ಮೇನಿಯನ್ ಸನ್ಯಾಸಿಗಳು ಪೊರಕೆ ಹಿಡಿದು ಬಡಿದಾಡಿಕೊಂಡರು. ಬಿಡಿಸಲು ಪ್ಯಾಲೆಸ್ತೀನಿನ ಪೊಲೀಸರು ಬರಬೇಕಾಯಿತು. ಭೂಮಿಯ ಮೇಲೆ ಸಮಾಧಾನ ಎಂದು ದೇವದೂತರು ಹಾಡಿದ ಊರು ಅದು. ಸೂರು ಸೋರುತ್ತಿದ್ದರೂ ದುರಸ್ತಿ ಯಾರು ಮಾಡಿಸಬೇಕೆಂಬ ಜಗ್ಗಾಟದಲ್ಲಿ ದಶಕಗಳೇ ಕಳೆದು, ಕೆಲಸ ಶುರುವಾಗುವ ಹೊತ್ತಿಗೆ 2013 ಬಂದಿತ್ತು.

ಅದೇ ಊರಿನಲ್ಲಿ 2023ರ ಡಿಸೆಂಬರಿನಲ್ಲಿ ಒಂದು ಗೋದಲಿ ಇಟ್ಟರು. ಗಾಜಾದಲ್ಲಿ ಬಾಂಬು ಬೀಳುತ್ತಿತ್ತು, ಊರಿನ ಕ್ರಿಸ್ಮಸ್ ಸಂಭ್ರಮ ರದ್ದಾಗಿತ್ತು. ಅಲ್ಲಿನ ಲೂಥರನ್ ಚರ್ಚಿನವರು ಒಡೆದ ಕಾಂಕ್ರೀಟಿನ ಚೂರುಗಳನ್ನು ರಾಶಿ ಹಾಕಿ, ಅದರ ನಡುವೆ ಬಾಲಯೇಸುವಿನ ಗೊಂಬೆಯನ್ನು ಚೌಕಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದರು. ಜಲಪಾತ ಇಲ್ಲ, ರೈಲು ಇಲ್ಲ. ಮತ್ತಾಯನ ಎರಡನೇ ಅಧ್ಯಾಯವನ್ನು ಪೂರ್ತಿ ಓದಿದವರು ಮಾಡಿದ ಗೋದಲಿ. ಆ ಅಧ್ಯಾಯದಲ್ಲಿ ಜೋಯಿಸರು ಹೋದಮೇಲೆ ಕತೆ ಮುಗಿಯುವುದಿಲ್ಲ. ಎರಡು ವರ್ಷದೊಳಗಿನ ಗಂಡುಕೂಸುಗಳನ್ನೆಲ್ಲ ಕೊಲ್ಲಿಸಲು ಹೆರೋದ ಆಳು ಕಳಿಸುತ್ತಾನೆ, ಜೋಸೆಫ್ ರಾತ್ರೋರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಗಡಿ ದಾಟುತ್ತಾನೆ. ಕಾಗದಪತ್ರ ಇಲ್ಲದ ಕುಟುಂಬ.

"ಅದಕ್ಕೇ ಹೇಳುವುದು," ಮೇಷ್ಟ್ರು ಕೊನೆಯ ಪ್ರಯತ್ನ ಮಾಡಿದರು, "ಎತ್ತು, ಕತ್ತೆ ಇರಲಿ, ರಾಯರಿಗೆ ಜರಿಯೂ ಇರಲಿ. ಹೆರೋದನನ್ನು ಒಂದು ಇಡುವ. ಅವನಿಲ್ಲದೆ ಕತೆ ಅರ್ಥ ಆಗುವುದಿಲ್ಲ."

ಸಭೆ ಯೋಚಿಸಿತು. ಹೆರೋದ ಸಾಮಾನ್ಯ ಮನುಷ್ಯನಲ್ಲ. ಜೆರುಸಲೇಮಿನ ದೇವಾಲಯವನ್ನು ಭವ್ಯವಾಗಿ ಮರುನಿರ್ಮಿಸಿದವನು, ಸಿಸೇರಿಯಾದಲ್ಲಿ ಬಂದರು ಕಟ್ಟಿಸಿದವನು, ಬೆತ್ಲೆಹೇಮಿನ ಪಕ್ಕದಲ್ಲೇ ಗುಡ್ಡದ ಮೇಲೆ ತನ್ನ ಹೆಸರಿನ ಕೋಟೆ ಎಬ್ಬಿಸಿದವನು. ಅಭಿವೃದ್ಧಿಯ ಹರಿಕಾರ. ಹೆಂಡತಿಯನ್ನೂ ಮೂವರು ಗಂಡುಮಕ್ಕಳನ್ನೂ ಕೊಲ್ಲಿಸಿದ್ದು ಅವನ ಖಾಸಗಿ ವಿಷಯ. ಬೆತ್ಲೆಹೇಮಿನ ಕೂಸುಗಳ ಸಂಗತಿಯನ್ನು ಅವನ ಕಾಲದ ಇತಿಹಾಸ ಬರೆದ ಜೋಸೆಫಸ್ ದಾಖಲಿಸಿಲ್ಲ. ಅಷ್ಟು ದೊಡ್ಡ ಕಡತದಲ್ಲಿ ಒಂದು ಹಳ್ಳಿಯ ಮಕ್ಕಳು ಎಷ್ಟನೇ ಪುಟಕ್ಕೆ ಬಂದಾರು?

"ಇಡಬಹುದು ಮೇಷ್ಟ್ರೇ," ಗುರಿಕಾರರು ತಲೆ ಕೆರೆದುಕೊಂಡರು, "ಆದ್ರೆ ಮುಖ ಯಾರದ್ದು ಮಾರಾಯ್ರೆ? ಗಡ್ಡ ಇಟ್ರೆ ಒಂದು ಪಾರ್ಟಿಯವರಿಗೆ ಸಿಟ್ಟು, ಬೋಳಿಸಿದ್ರೆ ಇನ್ನೊಂದು ಪಾರ್ಟಿಯವರಿಗೆ. ಯಾರಾದ್ರೂ ಫೋಟೋ ಹೊಡೆದು ವಾಟ್ಸಾಪಿಗೆ ಬಿಟ್ರೆ ನಾಳೆ ಸ್ಟೇಷನಿಗೆ ಹೋಗ್ಬೇಕಾದವ ನಾನು."

"ಬೆನ್ನು ತಿರುಗಿಸಿ ಇಡುವನಾ?" ಯುವ ಕಾರ್ಯದರ್ಶಿಯ ಸಲಹೆ.

"ಬೆನ್ನು ನೋಡಿಯೂ ಗುರುತು ಹಿಡಿಯುವವರು ಉಂಟು."

ಖಜಾಂಚಿ ಬಾಯಮ್ಮ ಲೆಕ್ಕದ ಪುಸ್ತಕದಿಂದ ತಲೆಯೆತ್ತಿದರು. "ಅರಮನೆ ಮಾತ್ರ ಇಡಿ. ಒಳಗೆ ಲೈಟ್ ಹಾಕಿ. ಚಂದ ಕಾಣ್ತದೆ, ಎದುರಿಗೆ ಸ್ಪಾನ್ಸರರ ಬೋರ್ಡಿಗೂ ಜಾಗ ಆಗ್ತದೆ."

ಅರಮನೆಗೆ ಹತ್ತು ಅಂಕ ಹೆಚ್ಚುವರಿ ಎಂದು ಸರ್ವಾನುಮತದಿಂದ ಠರಾವಾಯಿತು. ಮೇಷ್ಟ್ರನ್ನು ತೀರ್ಪುಗಾರರನ್ನಾಗಿ ನೇಮಿಸಲಾಯಿತು.